ಮಾಕಳಿ ನೆಡುವ ಮುನ್ನ ಅದರ ವಂಶ ತಿಳಿಯಬೇಕು

ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಸೀಮೆಯಲ್ಲಿ ಮಾಕಳಿ ಬೇರಿನ ಉಪ್ಪಿನಕಾಯಿಯ ಹೆಸರು ಕೇಳದವರು ಕಡಿಮೆ. ವಾಸನೆಗೇ ಮೂಗು ಮುರಿಯುವವರೂ ಇದ್ದಾರೆ, ಮೊಸರನ್ನದ ಜೊತೆ ಅದೊಂದು ಹೋಳು ಇದ್ದರೆ ಸಾಕು ಎನ್ನುವವರೂ ಇದ್ದಾರೆ. ಆದರೆ ಆ ಬೇರಿನ ಮೇಲೆ ಯಾವ ಬಳ್ಳಿ ಹಬ್ಬಿತ್ತು, ಅದರ ಹೂ ಹೇಗಿತ್ತು ಎಂದು ಕೇಳಿದರೆ ಎರಡೂ ಗುಂಪಿನವರು ಸುಮ್ಮನಾಗುತ್ತಾರೆ. ಮಾಕಳಿ ಬಂಡೆಯ ಸಂದಿನ ಹಿಡಿಮಣ್ಣಿನಲ್ಲಿ ಬೇರೂರಿ ಪಕ್ಕದ ಪೊದೆಯನ್ನು ಆತು ಮೇಲೇರುವ ಬಳ್ಳಿ. ಎಲೆ ನುಣುಪು, ಚಿವುಟಿದರೆ ಹಾಲು ಒಸರುತ್ತದೆ. ಹೂ ತೀರಾ ಸಣ್ಣದು, ಮಾಸಲು ಬಿಳುಪು. ಕಾಯಿ ಜೋಡಿಜೋಡಿಯಾಗಿ ಕಟ್ಟುತ್ತದೆ. ಒಣಗಿ ಬಿರಿದಾಗ ನವಿರಾದ ಬಿಳಿ ಕುಚ್ಚು ಹೊತ್ತ ಬೀಜ ಗಾಳಿಯ ಪಾಲಾಗುತ್ತದೆ. ನೆಲದಡಿಯಲ್ಲಿ ಮಾತ್ರ ಬೆರಳಿಗಿಂತ ದಪ್ಪನೆಯ ರಸಭರಿತ ಬೇರುಗಳ ಗೊಂಚಲೇ ಇರುತ್ತದೆ. ಮೇಲಿನ ಕಂದು ಸಿಪ್ಪೆ ಹೆರೆದು, ಒಳಗಿನ ಕಟ್ಟಿಗೆಯಂಥ ನಾರನ್ನು ಬಿಡಿಸಿ ತೆಗೆದು, ನಡುವಣ ತಿರುಳನ್ನಷ್ಟೇ ಹೋಳು ಮಾಡಿ ಉಪ್ಪು, ಖಾರ, ನಿಂಬೆರಸಕ್ಕೆ ಹಾಕುತ್ತಾರೆ. ಅದರ ಗಾಢ ಪರಿಮಳಕ್ಕೆ ಕಾರಣವಾದ ರಾಸಾಯನಿಕವು ವೆನಿಲ್ಲಾದ ಸುವಾಸನೆ ಕೊಡುವ ವೆನಿಲಿನ್‌ನ ದಾಯಾದಿ: ಪರಮಾಣುಗಳ ಲೆಕ್ಕ ಅದೇ, ಜೋಡಣೆ ಮಾತ್ರ ಬೇರೆ.

ವಿಜ್ಞಾನದಲ್ಲಿ ಇದರ ಹೆಸರು ಡೆಕಾಲೆಪಿಸ್ ಹ್ಯಾಮಿಲ್ಟೋನಿ. ದಕ್ಷಿಣ ಭಾರತದ ಒಣ ಬೆಟ್ಟಗುಡ್ಡಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಇದು ತಾನಾಗಿ ಬೆಳೆಯುವುದಿಲ್ಲ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಐಯುಸಿಎನ್ ತನ್ನ ಕೆಂಪು ಪಟ್ಟಿಯಲ್ಲಿ 2015ರಲ್ಲಿ ಇದನ್ನು ಅಳಿವಿನ ಅಪಾಯದಲ್ಲಿರುವ ಪ್ರಭೇದವೆಂದು ಸೇರಿಸಿತು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ನೆಲ್ಲಿಯಲ್ಲಿ ಕಾಯಿ ಕಿತ್ತರೆ ಮರ ಉಳಿಯುತ್ತದೆ. ಮಾಕಳಿಯಲ್ಲಿ ಮಾರಾಟಕ್ಕಿರುವುದೇ ಬೇರು. ಹಾರೆಯಿಂದ ಬಂಡೆ ಮೀಟಿ ಗೊಂಚಲನ್ನು ಎತ್ತಿದರೆ ಗಿಡದ ಕಥೆ ಮುಗಿದಂತೆ. ಉಪ್ಪಿನಕಾಯಿಗೆ ಹೋಗುವುದು ಒಂದು ಪಾಲಾದರೆ, ಆಯುರ್ವೇದದಲ್ಲಿ ಸಾರಿವಾ ಎನಿಸಿದ ಸೊಗದೆ ಬೇರಿಗೆ ಬದಲಿಯಾಗಿ ಔಷಧದ ಅಂಗಡಿಗೆ ಹೋಗುವುದು ಇನ್ನೊಂದು ಪಾಲು. ಸೊಗದೆಯ ಬೇರು ಸಣಕಲು, ಮಾಕಳಿಯದು ದಪ್ಪ. ಒಂದು ಚೀಲ ತುಂಬಿಸಬೇಕಾದವನು ಯಾವುದನ್ನು ಅಗೆಯುತ್ತಾನೆಂದು ಹೇಳಬೇಕಿಲ್ಲ. ಇದರ ಮೇಲೆ ಬೇಸಿಗೆಯ ಕಾಳ್ಗಿಚ್ಚು ಬೇರೆ, ಬೆಟ್ಟವನ್ನೇ ಬುಡಸಮೇತ ಕರಗಿಸುವ ಕಲ್ಲು ಕ್ವಾರಿ ಬೇರೆ.

ಇಂಥ ಸ್ಥಿತಿಗೆ ನಮ್ಮಲ್ಲಿ ಸಿದ್ಧ ಉತ್ತರವೊಂದಿದೆ: ನರ್ಸರಿಯಲ್ಲಿ ಸಸಿ ಮಾಡಿ, ಬೆಟ್ಟಕ್ಕೆ ಒಯ್ದು ನೆಡಿ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಮಾಕಳಿಯ ಅಂಗಾಂಶ ಕೃಷಿಯ ವಿಧಾನವನ್ನು ಬಹಳ ಹಿಂದೆಯೇ ರೂಪಿಸಿದ್ದಾರೆ; ಹಾಗಾಗಿ ಸಸಿಗಳ ಕೊರತೆ ತಾಂತ್ರಿಕವಾಗಿ ದೊಡ್ಡ ಸಮಸ್ಯೆಯಲ್ಲ. ನನ್ನ ತಕರಾರು ಇರುವುದು ಇಲ್ಲೇ. ಯಾವ ಬೆಟ್ಟದಲ್ಲಿ ಯಾವ ವಂಶದ ಮಾಕಳಿ ಉಳಿದಿದೆ, ಉಳಿದವುಗಳಲ್ಲಿ ಎಷ್ಟು ಒಂದಕ್ಕೊಂದು ದಾಯಾದಿಗಳು, ಎಷ್ಟು ನಿಜಕ್ಕೂ ಬೇರೆ ಎಂಬುದನ್ನು ತಿಳಿಯದೆ ಸಸಿ ನೆಟ್ಟರೆ ಸಂಖ್ಯೆ ಹೆಚ್ಚುತ್ತದೆ, ಪ್ರಭೇದದ ಬಲ ಕುಗ್ಗುತ್ತದೆ. ಅದನ್ನು ತಿಳಿಯುವ ದಾರಿ ಡಿಎನ್‌ಎ ಗುರುತುಗಳು, ಅಂದರೆ ಜೆನೆಟಿಕ್ ಮಾರ್ಕರ್‌ಗಳು. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು, ರಾಮನಗರದ ಬೆಟ್ಟಗಳ ಮಾಕಳಿಗಾಗಿ ಇಂಥ ಗುರುತುಗಳ ಗುಚ್ಛವೊಂದನ್ನು ಸಿದ್ಧಪಡಿಸಿ, ಅದರ ಆಧಾರದ ಮೇಲೆ ಸಮೀಕ್ಷೆ ನಡೆಸುವ ಕೆಲಸವು ನೆಡುತೋಪಿಗಿಂತ ಮೊದಲು ಆಗಬೇಕು, ಸರ್ಕಾರದ ಹಣದಿಂದಲೇ ಆಗಬೇಕು.

ಮಾರ್ಕರ್ ಎಂದರೇನು? ಪ್ರತಿ ಜೀವಕೋಶದ ಡಿಎನ್‌ಎಯೂ ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳ ದೀರ್ಘ ಸಾಲು. ಆ ಸಾಲಿನಲ್ಲಿ ಅಲ್ಲಲ್ಲಿ ಜಿಎ-ಜಿಎ-ಜಿಎ ಎಂಬಂತೆ ಒಂದೇ ತುಣುಕು ಮತ್ತೆ ಮತ್ತೆ ಬರುವ ಜಾಗಗಳಿವೆ. ಇವಕ್ಕೆ ಮೈಕ್ರೋಸ್ಯಾಟಲೈಟ್ ಎನ್ನುತ್ತಾರೆ. ಒಂದು ಗಿಡದಲ್ಲಿ ಆ ತುಣುಕು 12 ಸಲ ಬಂದಿದ್ದರೆ ಇನ್ನೊಂದರಲ್ಲಿ 15 ಸಲ ಬಂದಿರಬಹುದು. ತಾಯಿಯಿಂದ ಒಂದು, ತಂದೆಯಿಂದ ಒಂದು ಎಂದು ಪ್ರತಿ ಗಿಡಕ್ಕೂ ಪ್ರತಿ ಜಾಗದಲ್ಲಿ ಎರಡು ಅಳತೆಗಳು ಸಿಗುತ್ತವೆ. ಹೀಗೆ ಹತ್ತು ಹದಿನೈದು ಜಾಗಗಳ ಅಳತೆ ಒಟ್ಟುಗೂಡಿದರೆ ಗಿಡದಿಂದ ಗಿಡವನ್ನು ಬಿಡಿಬಿಡಿಯಾಗಿ ಗುರುತಿಸಬಹುದು; ಯಾವುದು ಯಾವುದರ ಸಂತಾನ, ಯಾವುದು ಬರೀ ಹಳೆ ಬೇರಿನಿಂದ ಮತ್ತೆ ಚಿಗುರಿದ ತುಂಡು ಎಂದು ಹೇಳಬಹುದು. ನ್ಯಾಯಾಲಯಗಳಲ್ಲಿ ಪಿತೃತ್ವ ಪರೀಕ್ಷೆಗೆ ಬಳಸುವುದೂ ಇದೇ ತತ್ವವನ್ನು.

ಈ ಕೆಲಸಕ್ಕೆ ಗಿಡವನ್ನು ಕೀಳಬೇಕಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಒಂದೆರಡು ಎಳೆಯ ಎಲೆ ಸಾಕು. ಅದನ್ನು ತೇವ ಹೀರುವ ಸಿಲಿಕಾ ಹರಳುಗಳಿರುವ ಪೊಟ್ಟಣಕ್ಕೆ ಹಾಕಿ, ಬೆಟ್ಟದ ಹೆಸರು, ಜಿಪಿಎಸ್ ಸ್ಥಾನ, ದಿನಾಂಕ ಬರೆದರೆ ಮಾದರಿ ಸಿದ್ಧ. ಪ್ರಯೋಗಾಲಯದಲ್ಲಿ ಒಣ ಎಲೆಯನ್ನು ಅರೆದು, ಹಾಲು ಸುರಿಸುವ ಗಿಡಗಳಲ್ಲಿ ಅಂಟಿಕೊಂಡು ಕಾಡುವ ರಸಗಳನ್ನೆಲ್ಲ ತೊಳೆದು ಡಿಎನ್‌ಎ ಬೇರ್ಪಡಿಸುತ್ತಾರೆ; ಬೇಕಾದ ಜಾಗವನ್ನಷ್ಟೇ ಪಿಸಿಆರ್ ಯಂತ್ರದಲ್ಲಿ ಕೋಟ್ಯಂತರ ಪ್ರತಿ ಮಾಡಿ ಉದ್ದ ಅಳೆಯುತ್ತಾರೆ. ಕಷ್ಟವಿರುವುದು ಮೊದಲ ಹಂತದಲ್ಲಿ. ಒಂದು ಪ್ರಭೇದಕ್ಕೆ ರೂಪಿಸಿದ ಮೈಕ್ರೋಸ್ಯಾಟಲೈಟ್‌ಗಳು ದೂರದ ಇನ್ನೊಂದು ಪ್ರಭೇದದಲ್ಲಿ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿ ಮಾಕಳಿಯದೇ ಡಿಎನ್‌ಎ ಓದಿ, ಅದರಲ್ಲಿ ಸಿಗುವ ಸಾವಿರಾರು ಪುನರಾವರ್ತನೆಗಳಿಂದ ಕೆಲವನ್ನು ಆರಿಸಿ, ಹಲವು ಬೆಟ್ಟಗಳ ಗಿಡಗಳ ಮೇಲೆ ಒರೆಗೆ ಹಚ್ಚಿ, ಎಲ್ಲ ಗಿಡದಲ್ಲೂ ಒಂದೇ ಅಳತೆ ತೋರುವ ನಿರುಪಯೋಗಿಗಳನ್ನು ಕೈಬಿಟ್ಟು ಬರಬೇಕು. ಮೊದಲೆಲ್ಲ ಈ ಒಂದು ಹಂತವೇ ವರ್ಷಗಟ್ಟಲೆ ಹಿಡಿಯುತ್ತಿತ್ತು. ಅದಕ್ಕೇ ಸಂಶೋಧಕರು ಆರ್‌ಎಪಿಡಿಯಂಥ ಸುಲಭದ ಗುರುತುಗಳ ಮೊರೆ ಹೋಗುತ್ತಿದ್ದರು. ಆದರೆ ಅವುಗಳ ಫಲಿತಾಂಶ ಒಂದು ಪ್ರಯೋಗಾಲಯದಿಂದ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ, ತಂದೆಯ ಪಾಲು ತಾಯಿಯ ಪಾಲು ಎಂದು ಬಿಡಿಸಿ ಹೇಳಲೂ ಆಗುತ್ತಿರಲಿಲ್ಲ. ಹೊಸ ಪೀಳಿಗೆಯ ಸೀಕ್ವೆನ್ಸಿಂಗ್ ಯಂತ್ರಗಳು ಬಂದ ಮೇಲೆ ವರ್ಷಗಳ ಕೆಲಸ ತಿಂಗಳುಗಳಿಗೆ ಇಳಿದಿದೆ.

ಈಗ ನಮ್ಮ ನೆಲಕ್ಕೆ ಬರೋಣ. ಕೈವಾರದ ಬೆಟ್ಟ, ಅಂಬಾಜಿದುರ್ಗ, ರೆಹಮಾನ್‌ಗಡ, ಸ್ಕಂದಗಿರಿ, ನಂದಿ, ಆಚೆ ದೇವರಾಯನದುರ್ಗ, ಸಾವನದುರ್ಗ: ಇವೆಲ್ಲ ಬಯಲಿನ ನಡುವೆ ಎದ್ದು ನಿಂತ ಬಂಡೆಬೆಟ್ಟಗಳು. ಬೆಟ್ಟದಿಂದ ಬೆಟ್ಟಕ್ಕೆ ಇರುವ ನಡುವಣ ಜಾಗ ಒಂದು ಕಾಲಕ್ಕೆ ಕುರುಚಲು ಕಾಡು. ಇಂದು ಟೊಮೆಟೊ, ದ್ರಾಕ್ಷಿ, ಹಿಪ್ಪುನೇರಳೆ, ನೀಲಗಿರಿ, ಬಡಾವಣೆ. ಬಂಡೆಯ ಸಂದಿನ ಬಳ್ಳಿಗೆ ಪ್ರತಿ ಬೆಟ್ಟವೂ ಒಂದು ದ್ವೀಪ. ಕುಚ್ಚು ಹೊತ್ತ ಬೀಜ ಹಾರಬಲ್ಲದು ನಿಜ, ಆದರೆ ಅದು ಬಿದ್ದಲ್ಲಿ ಬೇರೂರಲು ಬಂಡೆಸಂದು ಬೇಕು, ಉತ್ತ ಹೊಲ ಸಾಲದು. ಸಣ್ಣ ಹೂವಿನ ಪರಾಗವನ್ನು ಸಣ್ಣ ಕೀಟಗಳೇ ಒಯ್ಯಬೇಕು. ಕೀಟನಾಶಕ ಸಿಂಪಡಿಸಿದ ತೋಟಗಳನ್ನು ದಾಟಿ ಅವು ಎಷ್ಟು ದೂರ ಹೋದಾವು? ಮಾರ್ಕರ್‌ಗಳಿಂದ ಇದಕ್ಕೆ ನೇರ ಉತ್ತರ ಸಿಗುತ್ತದೆ. ಹೆಚ್ಚಿನ ಹೂಗಿಡಗಳಲ್ಲಿ ಹರಿದ್ರೇಣುವಿನ, ಅಂದರೆ ಕ್ಲೋರೋಪ್ಲಾಸ್ಟ್‌ನ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ; ಅದನ್ನೂ ಕೋಶಕೇಂದ್ರದ ಡಿಎನ್‌ಎಯನ್ನೂ ಹೋಲಿಸಿದರೆ ಬೀಜ ಎಷ್ಟು ದೂರ ಪಯಣಿಸಿದೆ, ಪರಾಗ ಎಷ್ಟು ದೂರ ಪಯಣಿಸಿದೆ ಎಂದು ಬೇರೆಬೇರೆಯಾಗಿ ಓದಬಹುದು.

ಸಂಖ್ಯೆಯೊಂದನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಇಲಿನಾಯ್ ರಾಜ್ಯದ ಲೇಕ್‌ಸೈಡ್ ಡೈಸಿ ಎಂಬ ಕಾಡುಹೂವಿನ ಕಥೆ ಸಾಕ್ಷಿ. ಅಲ್ಲಿ ಉಳಿದಿದ್ದ ಕೊನೆಯ ಗುಂಪಿನ ಗಿಡಗಳು ಆರೋಗ್ಯವಾಗಿದ್ದವು, ಹೂ ಬಿಡುತ್ತಿದ್ದವು. ಆದರೆ 15 ವರ್ಷಕ್ಕೂ ಹೆಚ್ಚು ಕಾಲ ಒಂದು ಬೀಜವನ್ನೂ ಕಟ್ಟಲಿಲ್ಲ. ಒಂದೇ ಕೂಡುವರ್ಗಕ್ಕೆ ಸೇರಿದ ಗಿಡಗಳು ತಮ್ಮತಮ್ಮಲ್ಲಿ ಬೀಜ ಕಟ್ಟಲಾರದ ಜಾತಿ ಅದು. ಉಳಿದವೆಲ್ಲ ಅದೇ ಒಂದು ವರ್ಗದವಾಗಿದ್ದವು. ಒಹಾಯೊ ರಾಜ್ಯದ ಗಿಡಗಳ ಪರಾಗ ತಂದು ಕೂಡಿಸಿದ ಮೇಲೆ ಬೀಜ ಕಟ್ಟಿದವು. ಇದು ಗೊತ್ತಾದದ್ದು ಡಿಎನ್‌ಎ ಪರೀಕ್ಷೆಯಿಂದಲ್ಲ, ಕೈಯಿಂದ ಪರಾಗ ಕೂಡಿಸಿ ನೋಡಿದ ಪ್ರಯೋಗದಿಂದ. ಆದರೆ ಅಷ್ಟು ವರ್ಷಗಳು ವ್ಯರ್ಥವಾಗಿದ್ದವು. ಹಾಗೆಂದು ಎಲ್ಲವನ್ನೂ ಎಲ್ಲದರ ಜೊತೆ ಬೆರೆಸುವುದೂ ಸರಿಯಲ್ಲ. ಆಸ್ಟ್ರೇಲಿಯಾದ ಹುಲ್ಲುಗಾವಲುಗಳ ರುಟಿಡೋಸಿಸ್ ಎಂಬ ಅಪರೂಪದ ಹಳದಿ ಹೂವಿನಲ್ಲಿ ಕೆಲವು ನೆಲೆಗಳ ಗಿಡಗಳಿಗೆ ವರ್ಣತಂತುಗಳ ಸಂಖ್ಯೆ ಉಳಿದವುಗಳ ದುಪ್ಪಟ್ಟು. ಅವೆರಡನ್ನು ಬೆರೆಸಿದರೆ ಹುಟ್ಟುವ ಸಂತಾನದ ಫಲವತ್ತತೆ ಕುಸಿಯುತ್ತದೆ. ಬೆರೆಸದಿದ್ದರೂ ಕೆಡುಕಾಗಬಹುದು, ಬೆರೆಸಿದರೂ ಕೆಡುಕಾಗಬಹುದು. ಯಾವುದು ಎಲ್ಲಿ ಎಂಬುದು ನೋಡಿದರಷ್ಟೇ ಗೊತ್ತಾಗುವ ವಿಷಯ. ತಳಿವಿಜ್ಞಾನಿ ಇಯಾನ್ ಫ್ರಾಂಕ್ಲಿನ್ 1980ರಲ್ಲಿ ಕೊಟ್ಟ ಅಂದಾಜು ಇಂದಿಗೂ ಚರ್ಚೆಯ ಆರಂಭಬಿಂದು: ಒಳಸಂಬಂಧದ ತಕ್ಷಣದ ಕೆಡುಕಿನಿಂದ ಪಾರಾಗಲು ಸಂತಾನ ಬೆಳೆಸುವ ಕನಿಷ್ಠ 50 ಜೀವಿಗಳು ಬೇಕು, ದೀರ್ಘಕಾಲ ಬಾಳಲು 500 ಬೇಕು. ಮುಂದೆ ಬಂದ ವಿಜ್ಞಾನಿಗಳು ಇದೂ ಸಾಲದು, ಎರಡನ್ನೂ ದುಪ್ಪಟ್ಟು ಮಾಡಿ ಎಂದರು. ಮುಖ್ಯವಾದ ಮಾತೆಂದರೆ ಇದು ತಲೆ ಎಣಿಕೆಯಲ್ಲ. ಒಂದು ಬೆಟ್ಟದಲ್ಲಿ 300 ಬಳ್ಳಿಗಳಿದ್ದು ಅವೆಲ್ಲ ನಾಲ್ಕೈದು ತಾಯಿಗಳ ಸಂತಾನವಾಗಿದ್ದರೆ ಈ ಲೆಕ್ಕದಲ್ಲಿ ಅದು ತೀರಾ ಬಡ ಬೆಟ್ಟ.

ಕಿರಿದಾದ ಮೂಲದಿಂದ ನಾಡನ್ನೇ ತುಂಬಿಸಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಗೆ ಬೇರೆಯವರು ಬಂದು ಕಲಿಸಬೇಕಿಲ್ಲ. 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ್ ಕಾಲಕ್ಕೆ ನಂದಿಬೆಟ್ಟದ ತೋಟಕ್ಕೆ ಬಂದ ನೀಲಗಿರಿ ಮರಗಳಿಂದಲೇ ಮುಂದೆ ‘ಮೈಸೂರು ಗಮ್’ ಎಂಬ ತಳಿ ಹರಡಿತು. ಅದು ಭಾರತದುದ್ದಕ್ಕೂ ನೆಡುತೋಪುಗಳನ್ನು ಆವರಿಸಿತು. ಇಳುವರಿ ನಿರೀಕ್ಷೆಯಷ್ಟು ಬಾರದಿದ್ದಾಗ ಅರಣ್ಯ ವಿಜ್ಞಾನಿಗಳು ಕೊಟ್ಟ ಕಾರಣಗಳಲ್ಲಿ ಈ ಕಿರಿದಾದ ತಳಿಮೂಲವೂ ಒಂದಾಗಿತ್ತು. ಹೊಸ ಬೀಜಕ್ಕಾಗಿ ಮತ್ತೆ ಆಸ್ಟ್ರೇಲಿಯಾದತ್ತ ನೋಡಬೇಕಾಯಿತು. ನೀಲಗಿರಿಗೆ ಮರಳಿ ಹೋಗಲು ಒಂದು ಆಸ್ಟ್ರೇಲಿಯಾ ಇತ್ತು. ಮಾಕಳಿಗೆ ಈ ಬೆಟ್ಟಗಳೇ ಆಸ್ಟ್ರೇಲಿಯಾ. ಇದಕ್ಕೆ ವಿರುದ್ಧವಾದ ಒಳ್ಳೆಯ ಉದಾಹರಣೆಯೂ ಇಲ್ಲೇ ಇದೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಬರುವ ಮಿಶ್ರತಳಿ ರೇಷ್ಮೆಯ ಹಿಂದೆ ಎರಡು ಮೂಲತಳಿಗಳನ್ನು ಬೆರಕೆಯಾಗದಂತೆ ಕಾಯುವ ವ್ಯವಸ್ಥೆ ಇದೆ. ಬಿತ್ತನೆ ಕೋಠಿಯಲ್ಲಿ ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು, ಪೆಬ್ರಿನ್ ರೋಗದ ಕಣ ಇದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ಮೊಟ್ಟೆ ರೈತನ ಕೈಗೆ ಹೋಗುತ್ತದೆ. ತಾಯಿಯನ್ನು ಪರೀಕ್ಷಿಸದೆ ಮೊಟ್ಟೆ ಕೊಳ್ಳಲೊಪ್ಪದ ಸೀಮೆ, ಯಾವ ಬೆಟ್ಟದ ಬೀಜವೆಂದೂ ಕೇಳದೆ ಕಾಡಿನ ಸಸಿಯನ್ನು ಒಪ್ಪಿಕೊಳ್ಳುವುದು ಸರಿಯಲ್ಲ.

ನೆಡುವ ಮುನ್ನ ಸಮೀಕ್ಷೆ ಎಂಬ ಈ ವಾದಕ್ಕೆ ಬರುವ ಮೊದಲ ಆಕ್ಷೇಪ ತೂಕದ್ದು: ಅಗೆತ ನಿಲ್ಲಿಸದೆ ಡಿಎನ್‌ಎ ಓದಿ ಏನು ಪ್ರಯೋಜನ, ಮನೆಗೆ ಬೆಂಕಿ ಬಿದ್ದಾಗ ವಂಶಾವಳಿ ಬರೆಯುತ್ತ ಕೂರುವುದೇ ಎಂದು ಕೇಳುವವರಿದ್ದಾರೆ. ಅಗೆತ ತಡೆಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲ ಬೆಟ್ಟಕ್ಕೂ ಕಾವಲು ಹಾಕುವಷ್ಟು ಸಿಬ್ಬಂದಿ ಅರಣ್ಯ ಇಲಾಖೆಗೆ ಇಲ್ಲ, ಮುಂದೆಯೂ ಸಿಗುವುದು ಅನುಮಾನ. ಹಾಗಾದರೆ ಮೊದಲು ಯಾವ ಬೆಟ್ಟ? ಅತಿ ಹೆಚ್ಚು ಬಳ್ಳಿಗಳಿರುವ ಬೆಟ್ಟವೇ, ಅತಿ ಹೆಚ್ಚು ವೈವಿಧ್ಯವಿರುವ ಬೆಟ್ಟವೇ, ಬೇರೆಲ್ಲೂ ಇಲ್ಲದ ತಳಿಗುಣ ಉಳಿದಿರುವ ಸಣ್ಣ ಗುಡ್ಡವೇ? ಕ್ವಾರಿಗೆ ಪರವಾನಗಿ ಕೇಳಿದ ಗುಡ್ಡದಲ್ಲಿ ಅಂಥ ಗುಂಪಿದೆ ಎಂದು ತೋರಿಸಲು ಸಾಧ್ಯವಾದರೆ, ‘ಇಲ್ಲಿ ಗಿಡಮೂಲಿಕೆ ಇದೆ’ ಎಂಬ ಅರ್ಜಿಗಿಂತ ಅದು ಎಷ್ಟೋ ಗಟ್ಟಿ ವಾದ. ಕಾವಲಿಗೂ ಮಾರ್ಕರ್‌ಗಳು ನೇರವಾಗಿ ನೆರವಾಗುತ್ತವೆ. ರೈತರು ಮಾಕಳಿ ಬೆಳೆದರೆ ಬೆಟ್ಟದ ಮೇಲಿನ ಒತ್ತಡ ಇಳಿಯುತ್ತದೆ ಎಂಬುದು ಎಲ್ಲರೂ ಹೇಳುವ ಮಾತು. ಆದರೆ ಹೊಲದ ಬೇರನ್ನೂ ಕಾಡಿನ ಬೇರನ್ನೂ ಕಣ್ಣಿನಿಂದ ಬೇರ್ಪಡಿಸಲಾಗದು. ಬೆಳೆದ ರೈತ ಅನುಮಾನಕ್ಕೆ ಗುರಿಯಾಗುತ್ತಾನೆ, ಕದ್ದವನು ಬೆಳೆಗಾರನ ವೇಷ ಹಾಕುತ್ತಾನೆ. 2001ರ ಕಾನೂನು ತಿದ್ದುಪಡಿಯಿಂದ ಶ್ರೀಗಂಧ ಬೆಳೆದವನಿಗೇ ಮರದ ಒಡೆತನ ಸಿಕ್ಕ ಮೇಲೂ ಬೆಳೆಗಾರರನ್ನು ಕಾಡಿದ್ದು ಇಂಥದೇ ತೊಡಕು. ನರ್ಸರಿಯ ತಾಯಿಗಿಡಗಳ ಡಿಎನ್‌ಎ ಗುರುತು ದಾಖಲಾಗಿದ್ದರೆ, ಮಾರುಕಟ್ಟೆಯ ಬೇರು ಯಾವ ಮೂಲದ್ದೆಂದು ಪರೀಕ್ಷಿಸಿ ಹೇಳಬಹುದು.

ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆ ಸೀಮ್ಯಾಪ್‌ನ ಬೆಂಗಳೂರು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಮಾಕಳಿ ಮತ್ತು ಅದರ ಸೋದರ ಪ್ರಭೇದಗಳಿಗೆ ಡಿಎನ್‌ಎ ಬಾರ್‌ಕೋಡ್ ರೂಪಿಸಿ 2017ರಲ್ಲಿ ಪ್ರಕಟಿಸಿದ್ದಾರಲ್ಲ, ಅದು ಸಾಲದೇ ಎಂಬುದು ತಿಳಿದವರ ಪ್ರಶ್ನೆ. ಅದು ಒಳ್ಳೆಯ ಕೆಲಸ, ಅಗತ್ಯವಾಗಿತ್ತು. ಆದರೆ ಬಾರ್‌ಕೋಡ್ ಉತ್ತರಿಸುವುದು ‘ಇದು ಯಾವ ಪ್ರಭೇದ’ ಎಂಬ ಪ್ರಶ್ನೆಗೆ. ಒಂದೇ ಪ್ರಭೇದದೊಳಗೆ ಅದು ಹೆಚ್ಚೇನೂ ಬದಲಾಗದು. ಬದಲಾಗದಿರುವುದೇ ಅದರ ಗುಣ. ಕೈವಾರದ ಮಾಕಳಿಗೂ ಸಾವನದುರ್ಗದ ಮಾಕಳಿಗೂ ನಂಟೆಷ್ಟು ಎಂದು ತಿಳಿಯಲು ಬೇಕಾದದ್ದು ಗಿಡದಿಂದ ಗಿಡಕ್ಕೆ ಬದಲಾಗುವ ಗುರುತು. ಎರಡೂ ಬೇಕು, ಒಂದು ಇನ್ನೊಂದರ ಜಾಗ ತುಂಬದು.

ಹಣದ ಮಾತು ಎತ್ತುವವರು ನಕಾಶೆ ನೋಡಬೇಕು. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೋಗುವ ಬಳ್ಳಾರಿ ರಸ್ತೆಯ ಆಸುಪಾಸಿನಲ್ಲೇ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ, ಅದರ ಆವರಣದಲ್ಲಿ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್, ಪಕ್ಕದಲ್ಲಿ ಸೀಮ್ಯಾಪ್ ಕೇಂದ್ರ ಇವೆ. ಔಷಧೀಯ ಸಸ್ಯಗಳಿಗಾಗಿಯೇ ದುಡಿಯುತ್ತಿರುವ ಎಫ್‌ಆರ್‌ಎಲ್‌ಎಚ್‌ಟಿ ಯಲಹಂಕದಲ್ಲಿದೆ. ಅದು ಅರಣ್ಯ ಇಲಾಖೆಯ ಜೊತೆ ಸೇರಿ ಗುರುತಿಸಿದ ಔಷಧೀಯ ಸಸ್ಯ ಸಂರಕ್ಷಣಾ ಪ್ರದೇಶಗಳಲ್ಲಿ ದೇವರಾಯನದುರ್ಗವೂ ಸಾವನದುರ್ಗವೂ ಸೇರಿವೆ. ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಕಾಲೇಜಿದೆ, ಅಲ್ಲಿ ಕೈಗೆ ಮಣ್ಣು ಹತ್ತಿಸಿಕೊಳ್ಳಲು ಹಿಂಜರಿಯದ ವಿದ್ಯಾರ್ಥಿಗಳಿದ್ದಾರೆ. ಯಂತ್ರ ಹೊಸದಾಗಿ ಕೊಳ್ಳಬೇಕಿಲ್ಲ. ಇರುವವರನ್ನು ಒಂದು ಮೇಜಿನ ಸುತ್ತ ಕೂರಿಸಬೇಕು. ಸಂಶೋಧನೆ ಕೊನೆಗೆ ಪತ್ರಿಕೆಯೊಂದರ ಪ್ರಬಂಧವಾಗಿ ಮುಗಿಯುತ್ತದೆ, ಬೆಟ್ಟಕ್ಕೆ ಏನೂ ದಕ್ಕುವುದಿಲ್ಲ ಎಂಬ ದೂರಿನಲ್ಲಿ ಸತ್ಯವಿದೆ. ಅದಕ್ಕೆ ಮದ್ದು ಸಂಶೋಧನೆಗೆ ಮೊದಲೇ ಇಲಾಖೆಯನ್ನು ಕಟ್ಟಿಹಾಕುವುದು: ಯಾವ ಫಲಿತಾಂಶ ಬಂದರೆ ಯಾವ ಕ್ರಮ ಎಂದು ಅನುದಾನದ ಆದೇಶದಲ್ಲೇ ಬರೆದಿರಬೇಕು. ಬೆಟ್ಟಗಳ ಮಾಕಳಿ ಪರಸ್ಪರ ಹೊಂದುವಂತಿದ್ದರೆ ಅನುಸರಿಸಲು ನಮ್ಮವರೇ ಕೊಟ್ಟ ದಾರಿಯಿದೆ. ವಿಜ್ಞಾನಿಗಳಾದ ಆರ್. ಉಮಾಶಂಕರ್ ಮತ್ತು ಕನ್ನಡ ಓದುಗರಿಗೆ ಕಾದಂಬರಿಕಾರರಾಗಿ ಪರಿಚಿತರಾದ ಕೆ. ಎನ್. ಗಣೇಶಯ್ಯ 1997ರಲ್ಲೇ, ನೆಲ್ಲಿಯ ಅಧ್ಯಯನ ಆಧರಿಸಿ, ಅರಣ್ಯ ತಳಿ ಬ್ಯಾಂಕ್ ಎಂಬ ಕಲ್ಪನೆ ಮುಂದಿಟ್ಟರು. ಹಲವು ನೆಲೆಗಳ ತಳಿಗುಣಗಳನ್ನು ಒಂದು ಸುರಕ್ಷಿತ ಕಾಡಿಗೆ ತಂದು, ಅಲ್ಲೇ ಸಹಜವಾಗಿ ಕೂಡಿ ಬೆಳೆಯಲು ಬಿಡುವುದು ಅದರ ಸಾರ. ಮಾಕಳಿಗೆ ಅಂಥ ಒಂದು ಬೆಟ್ಟ ಈ ಜಿಲ್ಲೆಯಲ್ಲೇ ಆಗಬಹುದು.

ಹಳ್ಳಿಯವರ ಪಾಲೇನು ಎಂಬುದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ಪ್ರಶ್ನೆ. ಬಳ್ಳಿ ಎಲ್ಲಿದೆ ಎಂದು ಗೊತ್ತಿರುವುದು ಬೇರು ಅಗೆಯುವವರಿಗೆ, ಕುರಿ ಮೇಯಿಸುವವರಿಗೆ. ಅವರನ್ನು ಕಳ್ಳರೆಂದು ಹೊರಗಿಟ್ಟರೆ ಸಮೀಕ್ಷೆ ಅರ್ಧಂಬರ್ಧವಾಗುತ್ತದೆ. ಅವರಿಂದ ತಿಳಿದು, ಮಾಹಿತಿ ಬೇರೆಯವರ ವ್ಯಾಪಾರಕ್ಕೆ ಹೋದರೆ ಅನ್ಯಾಯವಾಗುತ್ತದೆ. ಎರಡಕ್ಕೂ ಕಾನೂನಿನಲ್ಲಿ ದಾರಿಯಿದೆ. 2002ರ ಜೀವವೈವಿಧ್ಯ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಎಲೆಯ ಮಾದರಿ ಆ ಸಮಿತಿಯ ಒಪ್ಪಿಗೆಯಿಂದ, ಊರಿನವರದೇ ಕೂಲಿ ದುಡಿಮೆಯಿಂದ ಸಂಗ್ರಹವಾಗಲಿ. ಬಳ್ಳಿಯಿರುವ ನಿಖರ ಜಾಗ ಸಾರ್ವಜನಿಕ ವರದಿಯಲ್ಲಿ ಅಚ್ಚಾಗದಿರಲಿ. ತಾಯಿಗಿಡ ಆರಿಸಿದ ಊರಿಗೆ ನರ್ಸರಿಯ ಆದಾಯದಲ್ಲಿ ಪಾಲು ಬರಲಿ. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾದದ್ದು ಇದೇ ಕಾಯ್ದೆಯಡಿ. ಮುದಿ ಹುಣಸೆಗಳಿಗೆ ಸಿಕ್ಕ ಮನ್ನಣೆ ಬಂಡೆಸಂದಿನ ಬಳ್ಳಿಗೂ ಸಿಗಬಾರದೆಂದೇನೂ ಇಲ್ಲ. ಚಂದ್ರದ್ರೋಣ ಪರ್ವತದಲ್ಲಿ ಕುರಿಂಜಿ ಅರಳಿದಾಗ ನೋಡಲು ಸಾವಿರಾರು ಜನ ಹೋಗುತ್ತಾರೆ, ಆ ಅಭಿಮಾನವೇ ಅದಕ್ಕೊಂದು ಕಾವಲು. ಮಾಕಳಿಯ ಹೂ ನೋಡಲು ಯಾರೂ ಬೆಟ್ಟ ಹತ್ತುವುದಿಲ್ಲ. ಅದರ ಪರವಾಗಿ ದಾಖಲೆಯೇ ಮಾತಾಡಬೇಕು.

ಅರಣ್ಯ ಇಲಾಖೆ ಮತ್ತು ಕರ್ನಾಟಕ ಜೀವವೈವಿಧ್ಯ ಮಂಡಳಿಯಲ್ಲಿ ಕೇಳಬೇಕಾದದ್ದು ಇಷ್ಟೇ. ಮುಂದಿನ ಮಳೆಗಾಲದ ನೆಡುವ ಪಟ್ಟಿಯಲ್ಲಿ ಮಾಕಳಿಯ ಹೆಸರಿದ್ದರೆ, ಪ್ರತಿ ಸಸಿಯ ಮುಂದೆ ಬೀಜ ಬಂದ ಬೆಟ್ಟದ ಹೆಸರು ಬರೆಯಿರಿ. ಒಂದು ಬೆಟ್ಟದ ಸಸಿಯನ್ನು ಸದ್ಯಕ್ಕೆ ಅದೇ ಬೆಟ್ಟದಲ್ಲಿ ನೆಡಿ. ಒಂದೇ ತಾಯಿಗಿಡದ ಪ್ರತಿರೂಪಗಳಾದ ಅಂಗಾಂಶ ಕೃಷಿಯ ಸಸಿಗಳನ್ನು ಹೊಲಕ್ಕೆ ಕೊಡಿ, ಕಾಡಿಗೆ ಬೇಡ. ಅಷ್ಟರಲ್ಲಿ ಮಾರ್ಕರ್‌ಗಳ ಕೆಲಸಕ್ಕೆ ಹಣ ಮಂಜೂರು ಮಾಡಿ. ಓದುಗರಲ್ಲಿಯೂ ಒಂದು ಕೋರಿಕೆ: ಸಂತೆಯಲ್ಲಿ ಮಾಕಳಿ ಬೇರಿನ ಕಟ್ಟು ಕಂಡಾಗ, ಇದು ಎಲ್ಲಿಯದು ಎಂದು ಮಾರುವವರನ್ನು ಕೇಳಿ. ಹೊಲದಲ್ಲಿ ಬೆಳೆದದ್ದಾದರೆ ಎರಡು ರೂಪಾಯಿ ಹೆಚ್ಚು ಕೊಟ್ಟು ಕೊಳ್ಳಿ.